ಬೇರೆ ಯಾವುದಕ್ಕೂ ಬಾರದ ಮ್ಯಾಟು

ಬೀರುವಿನ ಹಿಂದೆ ಕೈ ಹಾಕಿದರೆ ಸಿಕ್ಕಿದ್ದು ಗೋಡೆ ಮಾತ್ರ. ಅವಳು ಭುಜದವರೆಗೂ ಕೈ ತೂರಿಸಿ ತಡಕಾಡಿದಳು. ಒಂದು ಹಳೆಯ ಕ್ಯಾಲೆಂಡರು ಸಿಕ್ಕಿತು, ಬೆರಳಿಗೆ ಜೇಡರ ಬಲೆ ಸುತ್ತಿಕೊಂಡಿತು, ಮದುವೆಯಾಗಿ ಹೋದ ಮಗಳು ಶಾಲೆಯ ದಿನಗಳಲ್ಲಿ ಕಳೆದುಹೋಯಿತೆಂದು ರಂಪ ಮಾಡಿದ್ದ ಸ್ಕೇಲೂ ಸಿಕ್ಕಿತು. ಬೆಳಗಿನ ಜಾವ ತಾನೇ ಸುತ್ತಿಟ್ಟಿದ್ದ ಮ್ಯಾಟು ಮಾತ್ರ ಇರಲಿಲ್ಲ.

ಆಗಲೇ ಹಾಲಿನಲ್ಲಿ ವಾಷಿಂಗ್ ಮಷಿನು ಬಟ್ಟೆ ಹಿಂಡಲು ಶುರುಮಾಡಿತು. ಇದು ದಿನಾ ಇದ್ದದ್ದೇ. ಗಂಡ ರಿಪೇರಿಗೆ ತಂದ ಮಷಿನುಗಳು ಈ ಘಟ್ಟಕ್ಕೆ ಬಂದವೆಂದರೆ ಮೈಮೇಲೆ ಬಂದವರಂತೆ ಕುಣಿಯುತ್ತಿದ್ದವು. ಕಿಟಕಿಯ ಗಾಜು ಗಲಗಲ ಎನ್ನುತ್ತಿತ್ತು, ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ತಾಗುತ್ತಿದ್ದವು. ಇವತ್ತು ಗಾಜು ಸುಮ್ಮನಿತ್ತು, ತಟ್ಟೆಗಳೂ ಸುಮ್ಮನಿದ್ದವು. ಅವಳ ಎದೆ ಧಸಕ್ಕೆಂದದ್ದು ಅದಕ್ಕೇ.

"ಬಾರೇ ಇಲ್ಲಿ, ಒಂದು ತಮಾಷೆ ತೋರಿಸ್ತೀನಿ!" ಗಂಡ ಕೂಗಿದ.

ಹಾಲಿಗೆ ಹೋದರೆ, ಅವನು ಕೈಕಟ್ಟಿಕೊಂಡು, ಜಾದೂ ಮಾಡುವವನ ಗತ್ತಿನಲ್ಲಿ ಮಷಿನಿನ ಪಕ್ಕ ನಿಂತಿದ್ದ. ಭರ್ರೋ ಎನ್ನುತ್ತಿದ್ದ ಮಷಿನಿನ ನೆತ್ತಿಯ ಮೇಲೆ ಕಂಠಮಟ್ಟ ನೀರು ತುಂಬಿದ ಒಂದು ಲೋಟ.

"ನಿನ್ನೆವರೆಗೂ ಇದು ಗೋಡೆಯಿಂದ ಹೊರಟರೆ ಅಡುಗೆಮನೆ ಬಾಗಿಲವರೆಗೂ ನಡ್ಕೊಂಡು ಬರ್ತಿತ್ತು. ಈಗ ನೋಡು. ಒಂದು ತೊಟ್ಟು ನೀರು ಚೆಲ್ಲುತ್ತಾ ಹೇಳು?"

ಅವಳು ಲೋಟ ನೋಡಲಿಲ್ಲ. ಮಷಿನಿನ ಕಾಲು ನೋಡಿದಳು. ಒಂದೊಂದು ಕಾಲಿನ ಕೆಳಗೂ ಬಿಸ್ಕತ್ತಿನಂತೆ ಚೌಕವಾಗಿ ಕತ್ತರಿಸಿದ ನೇರಳೆ ಬಣ್ಣದ ರಬ್ಬರು.

"ಇದೆಲ್ಲಿ ಸಿಕ್ತು ನಿಮಗೆ?"

"ಬೀರು ಹಿಂದೆ. ಯಾವ್ದೋ ಮಷಿನ್ ಜೊತೆ ಬಂದಿರೋ ಪ್ಯಾಕಿಂಗು, ನಾನೇ ಇಟ್ಟು ಮರ್ತುಬಿಟ್ಟಿದ್ದೆ ಅಂತ ಕಾಣುತ್ತೆ. ಎಂಥಾ ಮಾಲು ಅಂತೀಯ!"

"ಉಳಿದಿದ್ದೆಲ್ಲಿ?"

"ಎಲ್ಲಿ ಉಳೀತು? ಬೆಳಿಗ್ಗೆ, ಮೊನ್ನೆ ರಿಪೇರಿ ಮಾಡಿಕೊಟ್ಟ ಎರಡು ಮನೆ ಮಷಿನ್ನಿಗೂ ಹಾಕಿ ಬಂದೆ. ಒಂದು ತುಂಡಿತ್ತು, ಅದರ ಮೇಲೆ ಅಕ್ಕ ಕೂತಿದಾಳೆ."

ಮೂಲೆಯ ಕುರ್ಚಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತಿಗೆ, ಅಂದರೆ ಅವನ ಅಕ್ಕ, ಒಂದು ಕಡೆ ವಾಲಿ ಅಡಿಯಲ್ಲಿದ್ದ ನೇರಳೆ ತುಂಡನ್ನು ತೋರಿಸಿದರು. "ಮೆತ್ತಗಿದೆ ಕಣೇ. ಇಷ್ಟು ದಿನ ಯಾಕೆ ಮುಚ್ಚಿಟ್ಟಿದ್ನೋ ಇವ್ನು."

"ಅದು ನಂದು," ಎಂದಳು ಅವಳು.

ಗಂಡ ಮಷಿನು ಆರಿಸಿದ. "ನಿಂದಾ? ಯಾವ ಮಷಿನ್ನಿಂದು?"

"ಈ ಮಷಿನ್ನಿಂದು," ಎಂದು ಅವಳು ತನ್ನ ಸೊಂಟದ ಮೇಲೆ ಕೈಯಿಟ್ಟಳು.

ಅವಳದು ಬ್ಯೂಟಿ ಪಾರ್ಲರಿನ ಕೆಲಸ. ಹುಬ್ಬು ತೀಡುವುದರಲ್ಲಿ ಅವಳದು ಎತ್ತಿದ ಕೈ. ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ, ಬೆಳಗಿನಿಂದ ಸಂಜೆವರೆಗೆ ಬೇರೆಯವರ ಮುಖದ ಮೇಲೆ ಬಾಗಿ ನಿಂತಿರಬೇಕು. ಬಂದವರೆಲ್ಲ ಅವಳ ಮುಂದೆ ಹಾಯಾಗಿ ಒರಗುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಕೆಲವರು ಗೊರಕೆಯನ್ನೂ ಹೊಡೆಯುತ್ತಿದ್ದರು. ಎಷ್ಟೋ ವರ್ಷ ಹೀಗೆ ಜಗತ್ತನ್ನೆಲ್ಲ ಮಲಗಿಸಿ ತಾನು ಬಾಗಿ ನಿಂತವಳಿಗೆ ಒಂದು ದಿನ ಕುತ್ತಿಗೆ, ಬೆನ್ನು, ಸೊಂಟ ಎಲ್ಲ ಹಿಡಿದುಕೊಂಡಿತು. ಬಾಗಿದ್ದು ಬಾಗಿದ ಹಾಗೇ. ಕೆಳಗಿದ್ದ ಹೆಂಗಸು ಒಂದು ಹುಬ್ಬು ತೆಳ್ಳಗೆ ಇನ್ನೊಂದು ದಪ್ಪಗೆ ಇಟ್ಟುಕೊಂಡು ಹೊರಟುಹೋದಳು. ಪಾರ್ಲರಿನ ಯಜಮಾನಿ ಕೆಟ್ಟವಳಲ್ಲ, ಆದರೆ ಅಂಗಡಿ ನಡೆಸುವವಳು. "ಸ್ವಲ್ಪ ದಿನ ಟವೆಲ್ ಮಡಚೋದು ನೋಡ್ಕೋ. ಬೆನ್ನು ಸರಿಹೋದರೆ ಮತ್ತೆ ದಾರ ಹಿಡಿ. ಹೋಗದಿದ್ದರೆ ಆಮೇಲೆ ನೋಡೋಣ," ಎಂದಿದ್ದಳು. ಆ ‘ಆಮೇಲೆ ನೋಡೋಣ’ದ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ದಾರಿ ತೋರಿಸಿದವಳು ಒಬ್ಬ ಗಿರಾಕಿ. ಯೋಗ ಹೇಳಿಕೊಡುವ ಆ ಹೆಂಗಸು ಕುರ್ಚಿಯಲ್ಲಿ ಒರಗಿದ್ದುಕೊಂಡೇ, ಕೆಳಗಿನಿಂದ ಮೇಲಕ್ಕೆ ಪಾಠ ಮಾಡಿದ್ದಳು. ಬೆಕ್ಕು ಬೆನ್ನು ಉಬ್ಬಿಸುವ ಹಾಗೆ ಒಂದು, ಮಗು ಬೋರಲು ಮಲಗುವ ಹಾಗೆ ಒಂದು, ಮರ ನಿಂತ ಹಾಗೆ ಒಂದು. "ಬರೀ ನೆಲದ ಮೇಲೆ ಮಾಡಿ ಮಂಡಿ ಹಾಳು ಮಾಡ್ಕೋಬೇಡಿ. ಮೊದಲು ಒಂದು ಮ್ಯಾಟ್ ತಗೊಳ್ಳಿ," ಎಂದಿದ್ದಳು.

ತೆಗೆದುಕೊಂಡಳು. ಮೊದಲು ಸಿಕ್ಕ ಅಂಗಡಿಯಲ್ಲಿ, ಮೊದಲು ತೋರಿಸಿದ್ದನ್ನೇ, ಕದ್ದ ಮಾಲಿನಂತೆ ಚೀಲದಲ್ಲಿ ಸುತ್ತಿ ತಂದಳು. ಹಾಲು ಗಂಡನ ಮಷಿನುಗಳದ್ದು, ಕುರ್ಚಿ ಅತ್ತಿಗೆಯದು, ಅಡುಗೆಮನೆ ಒಲೆಯದು. ಉಳಿದದ್ದು ಮಲಗುವ ಕೋಣೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವಿನ ಸಂದಿ. ಎಲ್ಲರೂ ಏಳುವ ಮುಂಚೆ ಬಾಗಿಲು ಹಾಕಿಕೊಂಡು ಅಲ್ಲಿ ಹಾಸುತ್ತಿದ್ದಳು. ಎಡಗೈ ಚಾಚಿದರೆ ಬೀರು, ಬಲಗೈ ಚಾಚಿದರೆ ಮಂಚ, ಮಂಚದ ಮೇಲೆ ಗಂಡನ ಗೊರಕೆ. ಹಾಗಾಗಿ ಒಂದು ಸಲಕ್ಕೆ ಒಂದೇ ಕೈ. ಆದರೂ ಕುತ್ತಿಗೆ, ಬೆನ್ನು ಸಡಿಲವಾಗಿದ್ದವು. ಕಳೆದ ವಾರವಷ್ಟೇ ಯಜಮಾನಿ ಮತ್ತೆ ಅವಳ ಕೈಗೆ ದಾರದ ಉಂಡೆ ಕೊಟ್ಟಿದ್ದಳು.

"ಹೇಳಬಾರದಿತ್ತಾ?" ಎಂದ ಗಂಡ. ಅವನಿಗೆ ನಿಜವಾಗಿಯೂ ಪೆಚ್ಚಾಗಿತ್ತು. "ನನ್ನ ಮನೇಲಿ ರಬ್ಬರು ಸಿಕ್ಕಿದ್ರೆ ನಾನು ಇನ್ನೇನು ಅಂದ್ಕೋಬೇಕು? ಮಂಚದ ಕೆಳಗೆ ಬೆಲ್ಟು, ಬಾತ್‌ರೂಮಲ್ಲಿ ಮೋಟಾರು. ಬೀರು ಹಿಂದೆ ಇರೋದು ಮಾತ್ರ ನಿಂದು ಅಂತ ನಂಗೆ ಕನಸು ಬೀಳುತ್ತಾ?"

ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಮಾತಿಗೆ ಸಿಟ್ಟು ಮಾಡೋಣವೆಂದರೆ ಮಾತು ಸರಿಯಾಗಿಯೇ ಇತ್ತು. ಕತ್ತರಿ ಹಾಕಿದ್ದು ಅವನಾದರೂ ಬಚ್ಚಿಟ್ಟದ್ದು ತಾನೇ.

ಅತ್ತಿಗೆ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟರು. "ಅಂದ್ರೆ, ಬಾಗಿಲು ಹಾಕ್ಕೊಂಡು ನೀನು ಯೋಗ ಮಾಡ್ತಿದ್ಯಾ? ನಾನು ಏನೋ ಅಳ್ತಾ ಇದಾಳೆ ಪಾಪ ಅಂದ್ಕೊಂಡಿದ್ದೆ. ಉಸ್ ಉಸ್ ಅಂತ ಕೇಳಿಸ್ತಿತ್ತು."

ಗಂಡನಿಗೆ ನಗು ತಡೆಯಲಾಗಲಿಲ್ಲ. ಅತ್ತಿಗೆಯೂ ನಕ್ಕರು. "ಈ ವಯಸ್ಸಲ್ಲಿ ನಿಂಗ್ಯಾಕೆ ಈ ಸರ್ಕಸ್ಸು? ಒಂದಿಷ್ಟು ಎಣ್ಣೆ ಹಚ್ಚಿ ಬಿಸಿನೀರು ಹುಯ್ಕೊಂಡ್ರೆ ಆಗಲ್ವಾ?"

"ಎಣ್ಣೆ ಹಚ್ಚಿದ್ದು ಸಾಕಾಗಿದೆ ಅತ್ತಿಗೆ. ಇವತ್ತೇ ಹೊಸ ಮ್ಯಾಟ್ ತರ್ತೀನಿ. ಇನ್ನು ಬೀರು ಹಿಂದೆ ಇಡಲ್ಲ. ನಾಳೆಯಿಂದ ಇಲ್ಲೇ, ಈ ಹಾಲಲ್ಲೇ ಹಾಸ್ತೀನಿ."

"ಹಾಲಲ್ಲಾ?" ಗಂಡನ ನಗು ನಿಂತಿತು. "ಮಷಿನ್ನು ಎಲ್ಲಿಡ್ಲಿ?"

"ಅದನ್ನ ಮಷಿನ್ನನ್ನೇ ಕೇಳಿ."

ಸಂಜೆ ಆಟದ ಸಾಮಾನಿನ ಅಂಗಡಿಗೆ ಹೊರಟಾಗ ಅವಳ ಜೊತೆಗೆ ಇಬ್ಬರೂ ಹೊರಟರು. ಗಂಡ ಹೊರಟದ್ದು ತಪ್ಪು ಮಾಡಿದ ಸಂಕಟಕ್ಕೆ. "ರಬ್ಬರು ಅಂದ್ರೆ ನಂಗೆ ಬಿಡು, ಮೋಸ ಹೋಗಲ್ಲ," ಎಂದ. ಅತ್ತಿಗೆ ಹೊರಟದ್ದು, ಈ ಮನೆಗೆ ಒಂದು ಚಮಚ ತರುವುದಿದ್ದರೂ ಅವರಿಲ್ಲದೆ ತಂದ ಅಭ್ಯಾಸ ಇಲ್ಲದ್ದಕ್ಕೆ.

ಅಂಗಡಿಯಲ್ಲಿ ಚೆಂಡುಗಳು ಬಲೆಯೊಳಗೆ ನೇತಾಡುತ್ತಿದ್ದವು. ಅಂಗಡಿಯವನು ದಪ್ಪಗಿದ್ದ, ಕೊರಳಲ್ಲಿ ಒಂದು ಸೀಟಿ ಹಾಕಿಕೊಂಡಿದ್ದ. ಯಾರಿಗೆ ಎಂದು ಕೇಳಿದ. ತನಗೆ ಎಂದಾಗ ಅವಳನ್ನೊಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, "ಹಾಗಾದ್ರೆ ದಪ್ಪದ್ದು ಕೊಡ್ತೀನಿ ಬಿಡಿ ಅಮ್ಮಾ, ಹಾಸಿಗೆ ಇದ್ದಂಗಿದೆ," ಎಂದು ನೀಲಿಯದೊಂದನ್ನು ಬಿಚ್ಚಿ ಹಾಸಿದ.

ಗಂಡ ತಕ್ಷಣ ಕುಕ್ಕರಗಾಲಲ್ಲಿ ಕೂತ. ಅಂಚನ್ನು ಚಿವುಟಿದ, ಮೂಸಿದ, ಹೆಬ್ಬೆರಳು ಒತ್ತಿ ಗುಳಿ ಎಷ್ಟು ಬೇಗ ಮೇಲೇಳುತ್ತದೆ ಎಂದು ನೋಡಿದ. ಅವನ ಮುಖ ಬೆಳಗಿತು. "ಇದು ನೋಡೇ! ಆ ನೇರಳೆಗಿಂತ ಒಂದು ಕೈ ಮೇಲು. ಇದರ ಮೇಲೆ ಎಂಥ ಮಷಿನ್ ಇಟ್ರೂ..." ಎಂದವನು ಹೆಂಡತಿಯ ಕಣ್ಣು ಕಂಡು, "ಎಂಥ ಬೆನ್ನು ಇಟ್ರೂ," ಎಂದು ತಿದ್ದಿಕೊಂಡ.

"ಇದೇ ಇರಲಿ," ಎಂದರು ಅತ್ತಿಗೆ. "ಮಗಳು ಮಗೂನ ಕರ್ಕೊಂಡು ಬಂದಾಗ ಮಲಗಿಸೋಕೂ ಆಗುತ್ತೆ. ಯಾರಾದ್ರೂ ಉಳ್ಕೊಂಡ್ರೆ ಹಾಸೋಕೂ ಆಗುತ್ತೆ. ಮನೆಗೆಲ್ಲ ಉಪಯೋಗಕ್ಕೆ ಬರೋ ಅಂಥದ್ದು ತಗೋಬೇಕು."

ಅವಳು ನೀಲಿ ಮ್ಯಾಟಿನ ಮುಂದೆ ನಿಂತಳು. ಮದುವೆಯಾಗಿ ಬಂದ ಮೇಲೆ ತನಗೆಂದು ತಂದ ಎಷ್ಟೋ ಸಾಮಾನು ಕಣ್ಣ ಮುಂದೆ ಬಂತು. ಕಾಲು ಚಾಚಲು ತಂದ ಸ್ಟೂಲು ಮಷಿನಿನ ಪೈಪು ಇಡಲು ಹೋಗಿತ್ತು. ಅವಳ ಒಳ್ಳೆಯ ಕತ್ತರಿ ವೈರು ಕತ್ತರಿಸಿ ಹಲ್ಲು ಬಿಟ್ಟಿತ್ತು. ಓದಲೆಂದು ಮಂಚದ ತಲೆಯ ಕಡೆ ಹಾಕಿಸಿಕೊಂಡ ದೀಪ ಮಷಿನಿನ ಹೊಟ್ಟೆಯೊಳಗೆ ನೋಡುವುದಕ್ಕೆ ಬೇಕೆಂದು ಹಾಲಿಗೆ ಹೋದದ್ದು ವಾಪಸು ಬಂದಿರಲಿಲ್ಲ. ಯಾರೂ ಕಿತ್ತುಕೊಂಡಿರಲಿಲ್ಲ. ಕೇಳಿದ್ದರು, ಕೊಟ್ಟಿದ್ದಳು, ಅಷ್ಟೇ. ಎಲ್ಲವೂ ಉಪಯೋಗಕ್ಕೆ ಬಂದಿತ್ತು.

ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ನಿಂತಳು. ಪಾದ ಹಿಟ್ಟಿನೊಳಗೆ ಇಳಿದಂತೆ ಇಳಿಯಿತು. ಒಂದು ಕಾಲು ಎತ್ತಿದಳು. ಅಂಗಡಿಯ ಬಲೆ, ಚೆಂಡು, ಸೀಟಿ ಎಲ್ಲ ಓಲಾಡಿದವು. ಗಂಡ ಗಾಬರಿಯಾಗಿ ತೋಳು ಹಿಡಿದ.

"ಬಿಡ್ರೀ," ಎಂದು ಬಿಡಿಸಿಕೊಂಡಳು. "ಇದು ಬೇಡ. ಕಾಲು ನಿಲ್ಲಲ್ಲ."

"ನಿಲ್ಲೋದ್ಯಾಕೆ ಅಮ್ಮಾ, ಮಲಗಿದ್ರೆ ಸುಖವಾಗಿರುತ್ತೆ," ಎಂದ ಅಂಗಡಿಯವನು.

"ಸುಖ ಬೇಕಿದ್ರೆ ಹಾಸಿಗೆ ಅಂಗಡಿಗೆ ಹೋಗ್ತಿದ್ದೆ. ಬೇರೆ ತೋರಿಸಿ."

ಹೂವಿನ ಚಿತ್ರದ್ದೊಂದು ಬಂತು. ಗಿರಾಕಿಗಳ ಕೆನ್ನೆಗೆ ಚಿಮುಕಿಸುವ ಹಾಗೆ ತನ್ನ ಚೀಲದಲ್ಲಿದ್ದ ಬಾಟಲಿಯ ನೀರನ್ನು ಅಂಗೈಗೆ ಚಿಮುಕಿಸಿಕೊಂಡು ಒತ್ತಿ ನೋಡಿದಳು. ಕೈ ಜಾರಿತು. ಬೆವರಿದರೆ ಮುಗ್ಗರಿಸುವುದು ಖಂಡಿತ. ಇನ್ನೊಂದು ಅಷ್ಟು ದೂರದಿಂದಲೇ ಸೀಮೆಎಣ್ಣೆಯಂತೆ ನಾರುತ್ತಿತ್ತು. ಅದರ ಮೇಲೆ ಮೂಗಿಟ್ಟು ಬೋರಲು ಮಲಗುವವರು ಯಾರು? ಮತ್ತೊಂದು ಸುತ್ತಿಟ್ಟದ್ದನ್ನು ಬಿಚ್ಚಿದರೆ ಮತ್ತೆ ಸುರುಳಿಯಾಗಿ ಅಂಗಡಿಯವನ ಕಾಲಿಗೇ ಸುತ್ತಿಕೊಂಡಿತು. ಅತ್ತಿಗೆ ನಿಟ್ಟುಸಿರು ಬಿಟ್ಟರು. "ಇವಳಿಗೆ ಗಂಡು ಹುಡುಕುವಾಗಲೂ ಇಷ್ಟು ನೋಡಿರಲಿಕ್ಕಿಲ್ಲ."

"ನೋಡಿದ್ರೆ ಎಲ್ಲಿ ಒಪ್ತಿದ್ದೆ ಅತ್ತಿಗೆ," ಎಂದಳು. ಅಂಗಡಿಯವನು ಸೀಟಿ ಬಾಯಿಗಿಟ್ಟು ನಗು ಅಡಗಿಸಿಕೊಂಡ.

ಕೊನೆಗೆ ಅವನು ಮೇಲಿನ ಹಲಗೆಯಿಂದ, ಯಾರಿಗೂ ಬೇಡವಾಗಿದ್ದ ಹಾಗಿದ್ದ, ಬೂದು ಬಣ್ಣದ ಒಂದನ್ನು ಇಳಿಸಿದ. ತೆಳ್ಳಗಿತ್ತು, ಹೂವಿಲ್ಲ, ಹೊಳಪಿಲ್ಲ. ಆದರೆ ಕೈಗೆ ತೂಕವಿತ್ತು. ನೆಲಕ್ಕೆ ಹಾಕಿದರೆ ಒದ್ದೆ ಬಟ್ಟೆಯಂತೆ ಅಂಟಿಕೊಂಡು ಕೂತಿತು, ಮೂಲೆ ಕೂಡ ಮೇಲೇಳಲಿಲ್ಲ. ಒದ್ದೆ ಅಂಗೈ ಒತ್ತಿದಳು. ಜಾರಲಿಲ್ಲ. ಹತ್ತಿ ನಿಂತಳು. ಅಡಿಯಲ್ಲಿ ನೆಲವಿರುವುದು ಗೊತ್ತಾಗುತ್ತಿತ್ತು, ಅದರ ತಂಪು ಮಾತ್ರ ತಾಗುತ್ತಿರಲಿಲ್ಲ. ಒಂದು ಕಾಲು ಎತ್ತಿದಳು. ಅಂಗಡಿ ಇದ್ದ ಜಾಗದಲ್ಲೇ ಇತ್ತು.

"ಇದೇನಿದು, ಹಪ್ಪಳ," ಎಂದು ಗಂಡ ಅಂಚು ಚಿವುಟಿದ. "ಇದ್ರಲ್ಲಿ ದಮ್ಮೇ ಇಲ್ಲ. ನಾಲ್ಕು ಮಡಿಕೆ ಹಾಕಿದ್ರೂ ಮಷಿನ್ ಕುಣಿಯೋದು ನಿಲ್ಲಲ್ಲ."

"ಮಗೂಗೆ ಒತ್ತುತ್ತೆ," ಎಂದರು ಅತ್ತಿಗೆ. "ದೊಡ್ಡವರಿಗಂತೂ ನಿದ್ದೆ ಬರಲ್ಲ. ಬಂದೋರಿಗೆ ಇದನ್ನ ಹಾಸಿದ್ರೆ ನಾಳೆ ನಮ್ಮನೆ ಕಡೆ ತಲೆ ಹಾಕಲ್ಲ."

"ಕೂರೋಕೆ?" ಎಂದು ಅವಳು ಕೇಳಿದಳು.

"ಕೂರೋಕೂ ಗಟ್ಟಿ."

"ಅಂದ್ರೆ, ಯಾತಕ್ಕೂ ಬರಲ್ಲ."

"ಯಾತಕ್ಕೂ ಬರಲ್ಲ," ಎಂದು ಅಕ್ಕ ತಮ್ಮ ಇಬ್ಬರೂ ಒಂದೇ ಬಾಯಲ್ಲಿ ಒಪ್ಪಿದರು. ಎಷ್ಟೋ ವರ್ಷಕ್ಕೆ ಇಬ್ಬರಿಗೂ ಒಂದು ವಿಷಯದಲ್ಲಿ ಮತ ಕೂಡಿತ್ತು.

ಅವಳು ಕೂತಳು. ಆಮೇಲೆ ಅಂಗಡಿಯ ನಟ್ಟನಡುವೆ, ಬಾಗಿಲಿನಿಂದ ಬರುವವರಿಗೆ ಕಾಣುವ ಹಾಗೆ, ಬೆನ್ನು ಕೆಳಗೆ ಮಾಡಿ ಮಲಗಿಬಿಟ್ಟಳು.

"ಅಮ್ಮಾ, ಅಂಗಡೀಲಿ ಮಲಗೋ ಹಾಗಿಲ್ಲ!" ಎಂದು ಅಂಗಡಿಯವನು ಧಾವಿಸಿದ.

"ಚಪ್ಪಲಿ ತಗೊಳ್ಳೋರು ಹಾಕಿ ನೋಡಲ್ವಾ?"

"ಚಪ್ಪಲಿ ಬೇರೆ ಅಮ್ಮಾ..."

"ಚಪ್ಪಲಿಗೆ ಎರಡು ಕಾಲು. ಇದಕ್ಕೆ ಇಡೀ ಮೈ. ಸ್ವಲ್ಪ ಸರಿದು ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ."

"ಮಾನ ಹೋಯ್ತು," ಎಂದು ಅತ್ತಿಗೆ ಹೊರಗೆ ನೋಡತೊಡಗಿದರು. ಗಿರಾಕಿಗಳು ಇಬ್ಬರು ಸುಮ್ಮನೆ ಚೆಂಡು ಒತ್ತಿ ನೋಡುವವರಂತೆ ಅಲ್ಲೇ ನಿಂತರು. ಗಂಡ ಅವರ ಕಡೆ ತಿರುಗಿ, ತಾನು ಈ ಹೆಂಗಸಿನ ಜೊತೆ ಬಂದವನಲ್ಲ ಎನ್ನುವ ಹಾಗೆ ಒಂದು ಡಂಬೆಲ್ ಎತ್ತಲು ಹೋಗಿ, ಎತ್ತಲಾಗದೆ ಅಲ್ಲೇ ಇಟ್ಟ.

ಅವಳು ಕೆಳಗಿನಿಂದ ಎಲ್ಲರನ್ನೂ ನೋಡಿದಳು. ದಿನವೆಲ್ಲ ಮೇಲಿನಿಂದ ಮುಖಗಳನ್ನು ನೋಡುವವಳಿಗೆ ಇದು ಹೊಸದು. ಗಂಡನ ಮೂಗಿನ ಹೊಳ್ಳೆ, ಅಂಗಡಿಯವನ ಎರಡೆರಡು ಗದ್ದ, ಅತ್ತಿಗೆಯ ಗಲ್ಲದಡಿಯ ನಾಲ್ಕು ಒರಟು ಕೂದಲು. ಕೇಳಿದ್ದರೆ ಯಾವತ್ತೋ ತೆಗೆದುಕೊಡುತ್ತಿದ್ದಳು. ತನ್ನೆದುರು ಒರಗಿದವರಿಗೆ ತಾನು ಹೀಗೇ ಕಾಣುವೆನೋ ಏನೋ ಎನಿಸಿ ನಗು ಬಂತು. ಬೆನ್ನಿನ ಕೆಳಗೆ ಮ್ಯಾಟು ಗಟ್ಟಿಯಾಗಿತ್ತು, ಮೂಳೆಗೆ ಒತ್ತುತ್ತಿರಲಿಲ್ಲ. ನೆತ್ತಿಯಿಂದ ಹಿಮ್ಮಡಿಯವರೆಗೆ ಅವಳು ಪೂರ್ತಿ ಅದರೊಳಗೆ ಹಿಡಿಸಿದ್ದಳು.

ಗಂಡ ಎಬ್ಬಿಸಲು ಕೈ ಚಾಚಿದ. ಅವಳು ಅದನ್ನು ಹಿಡಿಯದೆ ಪಕ್ಕಕ್ಕೆ ಹೊರಳಿ, ಅಂಗೈ ಊರಿ, ತಾನೇ ಎದ್ದಳು.

"ಇದನ್ನೇ ಕೊಡಿ."

"ಯಾತಕ್ಕೂ ಬರಲ್ಲ ಅಂತಿದೀನಲ್ಲೇ!" ಎಂದ ಗಂಡ.

"ಅದಕ್ಕೇ," ಎಂದಳು ಅವಳು. ಪರ್ಸು ತೆಗೆದದ್ದೂ ಅವಳೇ. ಚೀಲ ಕೊಡಲು ಬಂದ ಅಂಗಡಿಯವನಿಗೆ ಬೇಡವೆಂದು ಮ್ಯಾಟನ್ನು ಬಂದೂಕಿನಂತೆ ಹೆಗಲ ಮೇಲಿಟ್ಟುಕೊಂಡು, ಬೀದಿಯಲ್ಲಿ ಇಬ್ಬರಿಗಿಂತ ಮುಂದೆ ನಡೆದಳು. ತಿರುವಿನಲ್ಲಿ ಸಿಕ್ಕ ಪಕ್ಕದ ಮನೆಯವಳು ಏನದು ಎಂದು ಕೇಳಿದಾಗ, "ಯೋಗದ ಮ್ಯಾಟು. ನಂಗೆ," ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಮರುದಿನ ಬೆಳಿಗ್ಗೆ ಗಂಡ ಯಾರದೋ ಮಷಿನು ತರಲು ಹೋದ ಮೇಲೆ ಅವಳು ಹಾಲು ಗುಡಿಸಿದಳು. ಬಿಚ್ಚಿಟ್ಟಿದ್ದ ಮೋಟಾರು, ಪೈಪು, ಸ್ಕ್ರೂಗಳ ಡಬ್ಬಿ ಎಲ್ಲವನ್ನೂ ಗೋಡೆಯ ಬದಿಗೆ ಒತ್ತರಿಸಿದಳು. ಬೂದು ಮ್ಯಾಟನ್ನು ಬಾಗಿಲಿಗೆ ಎದುರಾಗಿ, ಹಾಲಿನ ನಡುವಿಗೆ ಹಾಸಿದಳು. ಬೆಕ್ಕಾದಳು, ಮಗುವಾದಳು, ಮರವಾದಳು. ಅತ್ತಿಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡಿದರು. ಮರದ ಹೊತ್ತಿಗೆ, "ಗಾಳಿ ಬಂದರೆ ಬೀಳ್ತೀಯ," ಎಂದರು. ಅವಳು ಬೀಳಲಿಲ್ಲ.

ಕೊನೆಯದಾಗಿ ಅಂಗಾತ ಮಲಗಿದ್ದಾಗ ಹೊರಗೆ ಏದುಸಿರು ಕೇಳಿಸಿತು. ಗಂಡ ಮತ್ತು ಮಷಿನಿನ ಯಜಮಾನ, ಎರಡು ಕಡೆ ಹಿಡಿದು, ಮಷಿನು ಹೊತ್ತುಕೊಂಡು ಬಾಗಿಲಿಗೆ ಬಂದಿದ್ದರು. ಗಂಡ ಹಿಂದುಹಿಂದಾಗಿ ಹೆಜ್ಜೆಯಿಡುತ್ತಾ ಹೊಸ್ತಿಲು ದಾಟಲು ಹೋಗಿ ಕುತ್ತಿಗೆ ತಿರುಗಿಸಿ ನೋಡಿದ.

"ಏಳೇ ಸ್ವಲ್ಪ, ಭಾರ!"

"ಇನ್ನೂ ಮುಗಿದಿಲ್ಲ."

"ಏನು ಮುಗಿದಿಲ್ಲ? ಸುಮ್ನೆ ಮಲಗಿದೀಯ!"

"ಇದೂ ಇದೆ ಅದರಲ್ಲಿ. ಹೊರಗಿಟ್ಟು ಕಾಯಿರಿ."

"ಲೇ, ಅವರು ಏನಂದ್ಕೋತಾರೆ? ಕೈ ಬಿದ್ದುಹೋಗ್ತಿದೆ ಕಣೇ. ಅಕ್ಕಾ, ನೀನಾದ್ರೂ ಹೇಳು!"

ಎದ್ದುಬಿಡುವುದು ಎಷ್ಟು ಸುಲಭ ಎಂದು ಅವಳಿಗೆ ಗೊತ್ತಿತ್ತು. ಸ್ಟೂಲು ಕೊಟ್ಟಷ್ಟೇ ಸುಲಭ, ದೀಪ ಕೊಟ್ಟಷ್ಟೇ ಸುಲಭ. ಇವತ್ತು ಎದ್ದರೆ ನಾಳೆ ಮತ್ತೆ ಬೀರುವಿನ ಸಂದಿ, ನಾಡಿದ್ದು ಟವೆಲ್ಲು. ಅವಳು ಕಣ್ಣು ತೆರೆಯಲಿಲ್ಲ.

ಕುರ್ಚಿಯ ಕಡೆಯಿಂದ ಕಾಫಿಯ ಲೋಟ ಕೆಳಗಿಟ್ಟ ಸದ್ದಾಯಿತು.

"ಇಡೋ ಕೆಳಗೆ," ಎಂದರು ಅತ್ತಿಗೆ. "ಅವಳು ಏಳಲ್ಲ."

ಮೆಟ್ಟಿಲ ಮೇಲೆ ಮಷಿನು ಧೊಪ್ಪೆಂದು ಕೂತಿತು. ಅದರ ಎರಡು ಬದಿಗೆ ಗಂಡಸರಿಬ್ಬರೂ ಕೂತರು. ಯಜಮಾನ ಮೆಲ್ಲಗೆ, "ಎಷ್ಟು ಹೊತ್ತಾಗುತ್ತೆ?" ಎಂದ. ಗಂಡ, "ನಂಗೇನು ಗೊತ್ತು, ಮೊದಲನೇ ಸಲ," ಎಂದ.

ಅವಳು ಉಸಿರೆಳೆದುಕೊಂಡು ಎರಡೂ ತೋಳು ಒಟ್ಟಿಗೆ ಚಾಚಿದಳು. ಎಡಗೈಗೆ ಬೀರು ಸಿಗಲಿಲ್ಲ. ಬಲಗೈ ಇನ್ನೂ ದೂರ, ಮ್ಯಾಟು ದಾಟಿ, ತಣ್ಣನೆಯ ನೆಲದ ಮೇಲೆ ಕುರ್ಚಿಯವರೆಗೂ ಹೋಯಿತು. ಅತ್ತಿಗೆ ಸದ್ದಿಲ್ಲದೆ ತಮ್ಮ ಕಾಲನ್ನು ಒಳಕ್ಕೆ ಎಳೆದುಕೊಂಡರು.